ಜಡ್ಜಪ್ಪನವರ ಗಂಟಲು

ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಮೊದಲು ಅವರು ಏಳು ವರ್ಷ ಸಿನಿಮಾದವರಿಗೆ ಬಟ್ಟೆ ಹೊಲಿದರು. ಸ್ಟುಡಿಯೋದ ಹಿಂಬದಿಯಲ್ಲಿ ತಗಡು ಹೊದಿಸಿದ ಉದ್ದನೆಯ ಕೋಣೆ. ಅದರೊಳಗೆ ನಾಲ್ಕು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಕಬ್ಬಿಣದ ಸರಳಿಗೆ ನೇತುಹಾಕಿದ ಪೊಲೀಸರು, ವೈದ್ಯರು, ಕೈದಿಗಳು. ಯಾರಿಗೂ ಮೈಯಿಲ್ಲ, ಬರೀ ಬಟ್ಟೆ. ಕೆಲಸ ಅಪ್ಪನಿಂದ ಕಲಿತದ್ದು. ಅಳತೆಪಟ್ಟಿ ಕೈಗೆತ್ತಿಕೊಳ್ಳುವ ಮೊದಲೇ ಅವರು ಬಾಗಿಲಲ್ಲಿ ನಿಂತವನನ್ನು ನೋಡಿ, ಇವನ ಬಲಭುಜ ಅರ್ಧ ಅಂಗುಲ ಕೆಳಗಿದೆ, ಇವನು ಹೊಟ್ಟೆ ಒಳಗೆಳೆದುಕೊಂಡು ಸುಳ್ಳು ಅಳತೆ ಕೊಡುತ್ತಾನೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದರು.

ಆಳು ಆರಡಿ ಎತ್ತರ. ಅಗಲವಾದ ಹಣೆ, ದಪ್ಪ ಹುಬ್ಬು, ಯಾರನ್ನೋ ಈಗಷ್ಟೇ ಕ್ಷಮಿಸಿದವರಂತೆ ಬಿಗಿದ ತುಟಿ. ಅಂಗಡಿಗೆ ಹೋದರೆ ಅಪರಿಚಿತರು ಎದ್ದು ನಿಂತು ದಾರಿ ಬಿಡುತ್ತಿದ್ದರು. ಬಾಯಿ ತೆರೆಯುವವರೆಗೆ ಮಾತ್ರ. ಮೈಯೆಲ್ಲ ಆನೆಯದು, ದನಿ ಪೀಪಿಯದು. ತೆಳ್ಳಗೆ, ಮೇಲುಸ್ಥಾಯಿಯಲ್ಲಿ, ಕೊನೆಗೆ ಸ್ವಲ್ಪ ಕಂಪಿಸುವ ದನಿ. ದೇವರು ದೊಡ್ಡ ಅಧಿಕಾರಿಯೊಬ್ಬನನ್ನು ಮಾಡಲು ಕೂತು, ಕೊನೆಗಳಿಗೆಯಲ್ಲಿ ಕೈಗೆ ಸಿಕ್ಕ ಯಾವುದೋ ಗಂಟಲು ತುರುಕಿ ಕಳಿಸಿಬಿಟ್ಟ ಎಂದು ಹೆತ್ತ ತಾಯಿಯೇ ನಗುತ್ತಿದ್ದರಂತೆ.

ಒಂದು ದಿನ ನ್ಯಾಯಾಲಯದ ದೃಶ್ಯದ ಚಿತ್ರೀಕರಣವಿತ್ತು. ನ್ಯಾಯಾಧೀಶನ ಪಾತ್ರ ಮಾಡಬೇಕಾಗಿದ್ದ ಹಿರಿಯ ನಟರು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆಂದು ಸುದ್ದಿ ಬಂತು. ಅವರಿಗೆಂದೇ ಹೊಲಿದ ಕರಿ ನಿಲುವಂಗಿಯನ್ನು ಸಿಕ್ಕಸಿಕ್ಕವರಿಗೆಲ್ಲ ತೊಡಿಸಿ ನೋಡಿದರು. ಎಲ್ಲರೂ ಗುಡಾರದೊಳಗೆ ಹೊಕ್ಕವರಂತೆ ಕಂಡರು. ಆಗ ನಿರ್ದೇಶಕರ ಕಣ್ಣು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಚುತ್ತಿದ್ದ ದರ್ಜಿಯ ಮೇಲೆ ಬಿತ್ತು. ಅವರನ್ನೇ ಪೀಠದಲ್ಲಿ ಕೂರಿಸಿದರು. ಹೇಳಬೇಕಾದದ್ದು ಒಂದೇ ವಾಕ್ಯ: ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಲಾಗಿದೆ. ಅವರು ಹೇಳಿದರು. ಕಟಕಟೆಯಲ್ಲಿ ನಿಂತು ಅಳಬೇಕಿದ್ದ ನಾಯಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ದೀಪದವರು ನಕ್ಕರು. ನಿರ್ದೇಶಕರು ಮಾತ್ರ ನಗಲಿಲ್ಲ.

“ಬಾಯಿ ಆಡಿಸಿ, ಸಾಕು. ದನಿ ಆಮೇಲೆ ಯಾರ ಹತ್ರಾನಾದ್ರೂ ಹಾಕಿಸ್ತೀನಿ” ಎಂದರು.

ನಾಲ್ಕು ತಿಂಗಳ ನಂತರ ಚಿತ್ರ ತೆರೆಗೆ ಬಂದಾಗ ಹೆಂಡತಿಯನ್ನು ಕರೆದುಕೊಂಡು ಹೋದರು. ಪರದೆಯ ಮೇಲೆ ಅವರ ಮುಖ ಮೂಡಿತು, ಬಾಯಿ ತೆರೆಯಿತು, ಒಳಗಿಂದ ಬಾವಿಯಾಳದ ಗುಡುಗಿನಂಥ ದನಿ ಬಂತು. ಹೆಂಡತಿ ಅವರ ತೋಳು ಹಿಡಿದುಕೊಂಡರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅಂದರು: “ಯಾರೋ ಬೇರೆ ಗಂಡಸು ನಿಮ್ಮ ಬಾಯೊಳಗೆ ಕೂತು ಮಾತಾಡಿದ ಹಾಗಿತ್ತು. ನಾನಿನ್ನು ನೋಡೋಕೆ ಬರಲ್ಲ ಕಣ್ರೀ.” ಹೆಂಡತಿ ಆಡಿದ ಹಾಗೆ ನಡೆದುಕೊಂಡರು. ಗಂಡ ಹೊಲಿಗೆ ಯಂತ್ರ ತುಳಿಯುತ್ತ, ಅದರ ಲಯಕ್ಕೆ ಮೂಗಿನಲ್ಲೇ ಏನೋ ಗುನುಗುತ್ತಾರಲ್ಲ, ಆ ದನಿಯನ್ನು ಮೆಚ್ಚಿ ಸಂಸಾರ ಮಾಡಿದ ಹೆಂಗಸು ಅವರು.

ಆ ಮೇಲೆ ಕೆಲಸ ಒಂದರ ಹಿಂದೊಂದು ಬಂತು. ಅವರಿಗೆ ದೊಡ್ಡ ಪಾತ್ರಗಳು ಬರಲಿಲ್ಲ, ದೊಡ್ಡವರ ಪಾತ್ರಗಳು ಬಂದವು. ಕನ್ನಡಕ ತೆಗೆದು ತಲೆಯಾಡಿಸುವ ವೈದ್ಯ, ಮಗಳ ಪ್ರೇಮಪತ್ರ ಹರಿದುಹಾಕುವ ಅಪ್ಪ, ನಾಯಕನ ಬೆನ್ನು ತಟ್ಟುವ ಪೊಲೀಸ್ ಕಮಿಷನರ್. ಎಲ್ಲಕ್ಕಿಂತ ಹೆಚ್ಚಾಗಿ ನ್ಯಾಯಾಧೀಶ. ಸ್ಟುಡಿಯೋದಲ್ಲಿ ‘ಜಡ್ಜಪ್ಪ’ ಎಂಬ ಹೆಸರು ಅಂಟಿಕೊಂಡಿತು. ಎಷ್ಟು ಜನರನ್ನು ಜೈಲಿಗೆ ಕಳಿಸಿದ್ದೀರಿ ಎಂದು ಯಾರೋ ಕೇಳಿದ್ದಕ್ಕೆ, ನಿಜವಾದ ಕೋರ್ಟು ಇಷ್ಟು ಚುರುಕಾಗಿದ್ದಿದ್ದರೆ ಊರಲ್ಲಿ ಬೀಗವೇ ಬೇಕಾಗಿರಲಿಲ್ಲ ಎಂದಿದ್ದರಂತೆ. ದರ್ಜಿ ಕೆಲಸ ಬಿಟ್ಟರು. ಆದರೆ ಯಂತ್ರವೊಂದನ್ನು ಮನೆಯಲ್ಲಿಟ್ಟುಕೊಂಡರು. ಮನುಷ್ಯರನ್ನು ಅಳೆಯುವ ಕಣ್ಣು ಹಾಗೇ ಉಳಿಯಿತು. ಒಬ್ಬ ಬಡ ಗುಮಾಸ್ತ ಎಷ್ಟು ಬಾಗಿ ನಿಲ್ಲುತ್ತಾನೆ, ಅವನಿಗೆ ಬಡ್ತಿ ಸಿಕ್ಕ ಮೇಲೆ ಆ ಬಾಗು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಅವರು ಮೈಯಿಂದ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ನಾನು ಬರಹಗಾರ. ಮುಂದೆ ಅವರು ನಟಿಸಿದ ಧಾರಾವಾಹಿಗೆ ಮಾತು ಬರೆದವನು. ಇದರಲ್ಲಿ ಕಣ್ಣಾರೆ ಕಂಡದ್ದು ಅರ್ಧ, ಅವರಿಂದ ಕೇಳಿದ್ದು ಇನ್ನರ್ಧ.

ದನಿ ಯಾರದೆಂದು ಅವರಿಗೆ ಗೊತ್ತಾದದ್ದು ನಾಲ್ಕನೆಯ ವರ್ಷ. ಡಬ್ಬಿಂಗ್ ಕೋಣೆಯ ಹೊರಗೆ ಯಾರಿಗೋ ಕಾಯುತ್ತ ನಿಂತಿದ್ದಾಗ, ದಪ್ಪ ಬಾಗಿಲ ಸಂದಿಯಿಂದ ತಮ್ಮದೇ ದನಿ ಕೇಳಿಸಿತು. ಹಾಗೆಂದೇ ಅವರು ಹೇಳುತ್ತಿದ್ದರು, “ನನ್ನದೇ ದನಿ” ಎಂದು. ಬಗ್ಗಿ ನೋಡಿದರೆ, ಮೈಕಿಗೆ ಎಟುಕಲೆಂದು ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತ ಕಡ್ಡಿಯಂಥ ಮನುಷ್ಯ. ಅಂಗಿಯೊಳಗೆ ಇನ್ನೊಬ್ಬನಿಗೂ ಜಾಗವಿತ್ತು. ಹಗಲು ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಕೂಗುವ ನೌಕರಿ, ಬಿಡುವಿದ್ದಾಗ ಡಬ್ಬಿಂಗ್. ಎಲ್ಲರೂ ರೈಲಣ್ಣ ಎನ್ನುತ್ತಿದ್ದರು. ದಿನವೂ ಸಾವಿರಾರು ಜನ ಅವನ ಮಾತು ಕೇಳಿ ಓಡುತ್ತಿದ್ದರು. ಒಬ್ಬರೂ ಅವನ ಮುಖ ನೋಡಿರಲಿಲ್ಲ.

ರೈಲಣ್ಣ ಪೆಟ್ಟಿಗೆಯಿಂದಿಳಿದು, ಬೆವರು ಒರೆಸಿಕೊಂಡು, ಜಡ್ಜಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಮಸ್ಕಾರವೂ ಇಲ್ಲ, ಪರಿಚಯವೂ ಇಲ್ಲ.

“ನೀವು ಬಾಯಿ ಬೇಗ ಮುಚ್ತೀರಿ. ಕೊನೇ ಅಕ್ಷರಕ್ಕೆ ನಂಗೆ ಜಾಗ ಸಾಲಲ್ಲ” ಎಂದ.

ಅಂದಿನಿಂದ ಜಡ್ಜಪ್ಪನವರು ಪ್ರತಿ ಮಾತಿನ ಕೊನೆಗೆ ತುಟಿಯನ್ನು ಅರೆಗಳಿಗೆ ತೆರೆದೇ ಇಡುತ್ತಿದ್ದರು. ರೈಲಣ್ಣನಿಗೆ ಉಸಿರು ಎಲ್ಲಿ ಬೇಕು ಎಂದು ಲೆಕ್ಕ ಹಾಕಿ ಅಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು, ಕಾಗದ ಮಗುಚುತ್ತಿದ್ದರು. ವಿಮರ್ಶಕರು ಅದನ್ನು ಗಾಂಭೀರ್ಯ ಎಂದರು. ಮೂವತ್ತೊಂದು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಎದುರುಬದುರು ಭೇಟಿಯಾದದ್ದು ಹತ್ತು ಸಲವೂ ಇಲ್ಲ. ಒಬ್ಬರು ಸೆಟ್ಟಿನಲ್ಲಿ, ಒಬ್ಬರು ಕತ್ತಲೆ ಕೋಣೆಯಲ್ಲಿ. ಆದರೂ ಜಡ್ಜಪ್ಪನವರು ಒಮ್ಮೆ ನನಗೆ ಹೇಳಿದ್ದರು, ಪ್ರಪಂಚದಲ್ಲಿ ತಮ್ಮ ಬಾಯನ್ನು ಅಷ್ಟು ಗಮನವಿಟ್ಟು ನೋಡಿದವನು ಅವನೊಬ್ಬನೇ ಎಂದು.

ಮನೆಯ ವಿಷಯ ಹೇಳಬೇಕು. ಅವರಿಗೊಬ್ಬ ಮಗಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತರಗತಿಯ ಮೂವರು ಗೆಳತಿಯರನ್ನು ಮನೆಗೆ ಕರೆತಂದಳು. ನಮ್ಮಪ್ಪ ಸಿನಿಮಾದಲ್ಲಿ ಗಲ್ಲು ಶಿಕ್ಷೆ ಕೊಡುವ ಜಡ್ಜು ಎಂದು ಶಾಲೆಯಲ್ಲಿ ಹೇಳಿಕೊಂಡಿದ್ದಳು. ಗೆಳತಿಯರು ಸಾಲಾಗಿ ಮಂಚದ ಮೇಲೆ ಕೂತು, ಒಂದು ಸಲ ಹೇಳಿ ಅಂಕಲ್ ಎಂದರು. ಜಡ್ಜಪ್ಪನವರು ಹೊಲಿಗೆ ಪಕ್ಕಕ್ಕಿಟ್ಟು, ಎದ್ದು ನಿಂತು, ಮಗಳ ಕಡೆ ನೋಡಿ, ಪೂರ್ತಿ ತೀರ್ಪು ಹೇಳಿದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ನಗಲಿಲ್ಲ. ಗೆಳತಿಯರು ಹೋದ ಮೇಲೆ ಬಾಗಿಲು ಹಾಕಿ ಲೆಕ್ಕದ ಪುಸ್ತಕ ತೆರೆದು ಕೂತಳು. ಮತ್ತೆಂದೂ ಅವಳು ಯಾರನ್ನೂ ಮನೆಗೆ ಕರೆತಂದದ್ದನ್ನು ಅವರು ಕಾಣಲಿಲ್ಲ.

“ಬೈದಿದ್ರೆ ಚೆನ್ನಾಗಿರ್ತಿತ್ತು” ಎಂದಿದ್ದರು ನನಗೆ. “ಅವಳು ಏನೂ ಅನ್ನಲೇ ಇಲ್ಲ.”

ಮಾತು ಕಡಿಮೆಯಾದದ್ದು ಆಗಿನಿಂದ. ಮೊದಲು ಬೇರೆಯವರ ಮುಂದೆ, ಆಮೇಲೆ ಮಗಳ ಮುಂದೆ, ಕೊನೆಗೆ ಹೊಲಿಗೆ ಯಂತ್ರದ ಮುಂದೆಯೂ. ಗುನುಗು ನಿಂತದ್ದನ್ನು ಗಮನಿಸಿ ಹೆಂಡತಿ ಯಾಕೆಂದು ಕೇಳಿದರು. ಗಂಟಲು ಕೆಟ್ಟಿದೆ ಎಂದರು. ಆ ಗಂಟಲು ಮೂವತ್ತು ವರ್ಷ ರಿಪೇರಿಯಾಗಲಿಲ್ಲ. ಸಭೆ ಸಮಾರಂಭಗಳಿಗೆ ಕರೆದರೆ ಹೋಗುತ್ತಿದ್ದರು, ನಡುವಿನ ಕುರ್ಚಿಯಲ್ಲಿ ಕೂರುತ್ತಿದ್ದರು, ಮೈಕು ಹತ್ತಿರ ಬಂದಾಗ ಕತ್ತಿಗೆ ಕೈಯಿಟ್ಟು ತಲೆಯಾಡಿಸುತ್ತಿದ್ದರು. ಜನ ಅಯ್ಯೋ ಪಾಪ ಎನ್ನುತ್ತಿದ್ದರು. ರಸ್ತೆಯಲ್ಲಿ ಯಾರಾದರೂ ಮಾತಾಡಿಸಿದರೆ ಭುಜದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ತೂಕದ ಮನುಷ್ಯ, ಮುತ್ತು ಉದುರಿದರೂ ಮಾತು ಉದುರದು ಎಂದು ಹೆಸರಾಯಿತು. ಫೋನಿನಲ್ಲಿ ಮಾತ್ರ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಗ್ಯಾಸಿನವರು, ಬ್ಯಾಂಕಿನವರು, ಎಲ್ಲರೂ “ಹೇಳಿ ಮೇಡಂ” ಎನ್ನುತ್ತಿದ್ದರು. ಅವರೂ ತಿದ್ದುವ ಗೋಜಿಗೆ ಹೋಗದೆ, ಯಜಮಾನರು ಮನೆಯಲ್ಲಿಲ್ಲ ಎಂದುಬಿಡುತ್ತಿದ್ದರು.

ಮಗಳು ಔಷಧಶಾಸ್ತ್ರ ಓದುತ್ತಿದ್ದಾಗ ಹೆಂಡತಿ ತೀರಿಕೊಂಡರು. ಹನ್ನೊಂದು ದಿನದ ಕಾಯಿಲೆ. ಆಸ್ಪತ್ರೆಯಲ್ಲಿ ವೈದ್ಯರು ಹೊರಗೆ ಬಂದು ಕನ್ನಡಕ ತೆಗೆದಾಗಲೇ ಜಡ್ಜಪ್ಪನವರಿಗೆ ತಿಳಿದುಹೋಯಿತು. ಆ ಕೆಲಸವನ್ನು ತಾವೇ ಎಷ್ಟೋ ಸಲ ಮಾಡಿದ್ದರಲ್ಲ. ಆ ವೈದ್ಯರು ಮಾತು ಮುಗಿಸಿ, ಇವರ ಚಿತ್ರವೊಂದನ್ನು ನೆನಪಿಸಿಕೊಂಡು ಕೈಕುಲುಕಿದ್ದರಂತೆ. ಎರಡು ವರ್ಷದ ನಂತರ ಮಗಳು ಸಹಪಾಠಿಯನ್ನು ಮದುವೆಯಾಗಿ, ರೈಲಿನಲ್ಲಿ ಒಂಬತ್ತು ಗಂಟೆ ದೂರದ ಊರಿನಲ್ಲಿ ಔಷಧಿ ಅಂಗಡಿ ತೆರೆದಳು. ಭಾನುವಾರ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಆಯ್ತು. ಮಾತ್ರೆ ತಗೊಂಡ್ಯಾ, ತಗೊಂಡೆ. ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು.

ಧಾರಾವಾಹಿ ಶುರುವಾದದ್ದು ಆ ಮೇಲೆ. ಅದರಲ್ಲಿ ಅವರು ಹದಿನಾಲ್ಕು ಜನರ ಕೂಡುಕುಟುಂಬದ ಯಜಮಾನ. ಒಂಬತ್ತು ವರ್ಷ ಓಡಿತು. ಮೂರೇ ಗೋಡೆಯ ಹಾಲು, ಎಲ್ಲಿಗೂ ಹೋಗದ ಮಹಡಿ ಮೆಟ್ಟಿಲು, ಕುದಿಯದ ಪಾತ್ರೆಗಳ ಅಡುಗೆಮನೆ. ಸೊಸೆಯರು ಮೂರು ಸಲ ಬದಲಾದರು, ಮೊಮ್ಮಕ್ಕಳು ದೊಡ್ಡವರಾಗಿ ಬೇರೆ ಮಕ್ಕಳು ಬಂದರು, ಯಜಮಾನರು ಮಾತ್ರ ಅವರೇ. ಚಿತ್ರೀಕರಣ ಇಲ್ಲದ ದಿನವೂ ಬರುತ್ತಿದ್ದರು. ಕೋಟಿನ ಗುಂಡಿ ಸಡಿಲವಾಗಿದೆ, ತೋಳಿನ ಒಳಹೊಲಿಗೆ ಬಿಚ್ಚಿದೆ ಎನ್ನುತ್ತ ಒಂದು ಮೂಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಆ ಗುಂಡಿಗಳನ್ನು ಅವರೇ ಬಿಚ್ಚಿ ಅವರೇ ಹೊಲಿಯುತ್ತಾರೆಂದು ವಸ್ತ್ರವಿಭಾಗದ ಹೆಂಗಸು ನನಗೆ ಹೇಳಿದಳು. ಅವರಿಗೆ ಹೇಳಬೇಡಿ ಎಂದೂ ಸೇರಿಸಿದಳು.

ಎಂಟನೆಯ ವರ್ಷ ರೈಲಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನಾವು ಬೇರೆ ಮೂವರಿಂದ ದನಿ ಹಾಕಿಸಿ ನೋಡಿದೆವು. ಮನೆಮನೆಯಿಂದ ಫೋನು ಬಂತು: ಯಜಮಾನರಿಗೆ ಏನಾಗಿದೆ, ಅದು ಅವರ ದನಿಯಲ್ಲ. ವಾಹಿನಿಯವರು ನಮ್ಮನ್ನು ಕೂರಿಸಿಕೊಂಡು ಏನಾದರೂ ದಾರಿ ಹುಡುಕಿ ಎಂದರು. ದಾರಿ ಹುಡುಕಿದವನು ನಾನು. ಯಜಮಾನರಿಗೂ ಪಾರ್ಶ್ವವಾಯು ಹೊಡೆಸಿಬಿಡೋಣ, ಮಾತೇ ಬೇಡ, ಹಾಸಿಗೆಯಲ್ಲಿ ಮಲಗಿಸೋಣ ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಒಬ್ಬರು ನಕ್ಕರು. ನಾನೂ ನಕ್ಕೆ. ಎಲ್ಲರೂ ಒಪ್ಪಿದರು.

ಜಡ್ಜಪ್ಪನವರಿಗೆ ಹೇಳಿದಾಗ ಅವರು ಕೇಳಿದ್ದು ರೈಲಣ್ಣನ ಮನೆಯ ವಿಳಾಸ. ಮೂವತ್ತು ವರ್ಷದಲ್ಲಿ ಅವರು ಆ ಮನೆಗೆ ಹೋಗಿರಲಿಲ್ಲ. ಮಾರನೆಯ ಗುರುವಾರ ಹೋದರು. ಎರಡು ಕೋಣೆ, ಕಿಟಕಿಯ ಹೊರಗೆ ರೈಲು ಹಳಿ. ಬಾಗಿಲು ತೆರೆದ ರೈಲಣ್ಣನ ಹೆಂಡತಿ ಆ ಮುಖ ನೋಡಿ ಚೌಕಟ್ಟು ಹಿಡಿದು ನಿಂತುಬಿಟ್ಟರು. ಅವರ ಗಂಡನ ದನಿ ಈಗ ಜಗತ್ತಿನಲ್ಲಿ ಎಲ್ಲಾದರೂ ಉಳಿದಿದ್ದರೆ ಆ ಮುಖದೊಳಗೆ ಮಾತ್ರ. ಒಳಗೆ ಬನ್ನಿ ಎನ್ನುವ ಬದಲು, “ಏನಾದ್ರೂ ಮಾತಾಡಿ” ಎಂದರು. ಅವರು, “ಹೇಗಿದ್ದಾರಮ್ಮ?” ಎಂದರು. ಆ ಪೀಪಿ ದನಿ ಕೇಳಿ ಆಕೆ ನಗಲಿಲ್ಲ. ತಲೆ ತಗ್ಗಿಸಿ ದಾರಿ ಬಿಟ್ಟರು, ಅಷ್ಟೆ.

ಅಂದಿನಿಂದ ಪ್ರತಿ ಗುರುವಾರ ಹೋಗಿ, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದರು. ಮೊದಲ ಪುಟದಿಂದ ಕೊನೆಯ ಪುಟದ ಕ್ರಿಕೆಟ್ಟಿನವರೆಗೆ. ಎಷ್ಟೋ ವರ್ಷಗಳ ನಂತರ ಅವರು ಜೋರಾಗಿ ಮಾತಾಡಿದ್ದು ಅಲ್ಲೇ. ಕೇಳುವವನು ನಗಲಾರದವನು, ನಗುವವನೂ ಅಲ್ಲ. ಸುಖವಾಗಿತ್ತು ಎಂದರು ನನಗೆ. ಆದರೆ ಓದುವಾಗ ಅವರ ಇನ್ನೊಂದು ಕಣ್ಣು, ಆ ದರ್ಜಿಯ ಕಣ್ಣು, ತನ್ನ ಪಾಡಿಗೆ ಅಳತೆ ತೆಗೆಯುತ್ತಿತ್ತು. ಬಾಯಾರಿದಾಗ ರೈಲಣ್ಣನ ಎಡಗೈ ಬಲಗೈಯನ್ನು ಹೇಗೆ ಹುಡುಕುತ್ತದೆ, ಹೆಂಡತಿ ಕೋಣೆಯಿಂದ ಹೊರಗೆ ಹೋದಾಗ ಗದ್ದ ಹೇಗೆ ಅದೇ ದಿಕ್ಕಿಗೆ ಒಂದಿಷ್ಟು ತಿರುಗುತ್ತದೆ, ಬೇಕಾದ ಪದ ಸಿಗದಾಗ ಹುಬ್ಬಿನ ನಡುವೆ ಮೂಡುವ ನಾಚಿಕೆ ಹೇಗಿರುತ್ತದೆ. ಶುಕ್ರವಾರ ಅವೆಲ್ಲ ನಮ್ಮ ಮೂರು ಗೋಡೆಯ ಮನೆಯ ಮಂಚದ ಮೇಲೆ ಇರುತ್ತಿದ್ದವು.

ಏಳು ತಿಂಗಳು ಅವರು ಒಂದು ಅಕ್ಷರವೂ ಆಡದೆ ನಟಿಸಿದರು. ಜನ ಊಟ ಬಿಟ್ಟು ನೋಡಿದರು. ಆ ವರ್ಷದ ಪೋಷಕ ನಟ ಪ್ರಶಸ್ತಿ ಅವರಿಗೇ ಬಂತು. ಇಷ್ಟು ವರ್ಷದಲ್ಲಿ ಅದು ಮೊದಲನೆಯದು. ವೇದಿಕೆಗೆ ಹೋಗುವ ಮೊದಲು ನನ್ನ ಕೈಗೆ ಒಂದು ಚೀಟಿ ಕೊಟ್ಟು, ಇದು ಸರಿಯಿದೆಯಾ ನೋಡಿ ಎಂದರು. ಅದರಲ್ಲಿ ರೈಲಣ್ಣನ ವಿಷಯ ನಾಲ್ಕು ಸಾಲು ಬರೆದಿದ್ದರು. ಹೇಳಿಬಿಡಿ ಎಂದೆ. ಹತ್ತಿದರು. ಇಡೀ ಸಭಾಂಗಣ ಎದ್ದು ನಿಂತಿತ್ತು, ಆ ಗುಡುಗು ಕೇಳಲು ಕಾದಿತ್ತು. ಅವರು ಮೈಕಿನ ಮುಂದೆ ನಿಂತು ಚೀಟಿ ಬಿಡಿಸಿದರು, ಬಾಯಿ ತೆರೆದರು. ಮತ್ತೆ ಮುಚ್ಚಿದರು. ಕತ್ತಿಗೆ ಕೈಯಿಟ್ಟು ತಲೆಯಾಡಿಸಿದರು. ಚಪ್ಪಾಳೆ ಇನ್ನೂ ಜೋರಾಯಿತು.

ಆ ಗುರುವಾರ ಅವರು ಹೋದಾಗ ರೈಲಣ್ಣನ ಹೆಂಡತಿ ಬಾಗಿಲು ಪೂರ್ತಿ ತೆರೆಯಲಿಲ್ಲ. ಕಾರ್ಯಕ್ರಮ ಟೀವಿಯಲ್ಲಿ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ನೋಡಿದ್ದರು. ಧಾರಾವಾಹಿಯನ್ನೂ ಆಕೆ ಏಳು ತಿಂಗಳಿಂದ ನೋಡುತ್ತಿದ್ದರು. ಮಂಚದಲ್ಲಿ ಮಲಗಿದವರು ಯಾರೆಂದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ಆದರೂ ಏನೂ ಅಂದಿರಲಿಲ್ಲ. ಈಗ ಅಂದರು.

“ಇವರ ಕೈ ತಗೊಂಡ್ರಿ, ಕಾಲು ತಗೊಂಡ್ರಿ, ಅದಕ್ಕೇನೂ ಬೇಜಾರಿಲ್ಲ. ಮೂವತ್ತು ವರ್ಷ ಇವರು ನಿಮಗೆ ಬಾಯಾದ್ರು. ಒಂದೇ ಒಂದು ಸಲ ನೀವು ಇವರಿಗೆ ಬಾಯಾಗೋಕೆ ಆಗ್ಲಿಲ್ವಾ?”

ದನಿ ಏರಿಸದೆ, ಕಿಟಕಿಯಾಚೆ ಹೋಗುತ್ತಿದ್ದ ಗಾಡಿಯ ಸದ್ದು ತಗ್ಗುವವರೆಗೆ ಕಾದು, ಹೇಳಿದ್ದರಂತೆ. ಜಡ್ಜಪ್ಪನವರು ಪೇಪರನ್ನು ಹೊಸಿಲ ಪಕ್ಕ ಇಟ್ಟು ಮೆಟ್ಟಿಲಿಳಿದರು. ನೆಟ್ಟಗೆ ನನ್ನ ಮನೆಗೆ ಬಂದರು. ಕೂರಲಿಲ್ಲ. “ನನ್ನನ್ನ ಸಾಯಿಸಿಬಿಡಿ. ಆ ಮಂಚದ ಮೇಲೆ ಇನ್ನು ಮಲಗೋಕಾಗಲ್ಲ” ಎಂದರು. ನಾನು ವಾದ ಮಾಡಲಿಲ್ಲ. ಪಾರ್ಶ್ವವಾಯು ಹೊಡೆಸೋಣ ಎಂದು ನಕ್ಕದ್ದು ನನಗೂ ನೆನಪಿತ್ತು. ಎರಡು ವಾರದಲ್ಲಿ ಯಜಮಾನರು ತೀರಿಕೊಂಡರು. ಧಾರಾವಾಹಿ ಇನ್ನೊಂದು ವರ್ಷ ಕುಂಟಿಕೊಂಡು ನಡೆಯಿತು.

ಸತ್ತ ಮೇಲೆ ಅವರಿಗೆ ಹೋಗಲು ಜಾಗವಿರಲಿಲ್ಲ. ಸೆಟ್ಟಿಗೆ ಬರುವ ಹಾಗಿಲ್ಲ, ಗುರುವಾರ ಹೋಗುವ ಹಾಗಿಲ್ಲ. ಬೆಳಿಗ್ಗೆ ಕೋಟು ಹಾಕಿಕೊಂಡು ಬಸ್ಸು ಹತ್ತಿ, ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದ ಕಾಲ ಅದು. ಹೆಂಗಸರು ಪಕ್ಕದಲ್ಲಿ ಬಂದು ಕೂತು, ನೀವು ಹೋದದ್ದು ನಮ್ಮನೆಯವರೇ ಹೋದ ಹಾಗಾಯ್ತು ಎನ್ನುತ್ತಿದ್ದರು. ಅವರು ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ಎರಡು ತಿಂಗಳಾದ ಮೇಲೆ ರೈಲಣ್ಣನ ಹೆಂಡತಿಯೇ ಫೋನ್ ಮಾಡಿದರು. ಗುರುವಾರ ಬಂದರೆ ಇವರು ಬೆಳಿಗ್ಗೆಯಿಂದ ಬಾಗಿಲು ನೋಡುತ್ತಾರೆ, ನನಗೆ ಪೇಪರು ಓದಲು ಬಿಡುವುದಿಲ್ಲ, ಬನ್ನಿ ಎಂದರು. ಹೋದರು. ಕ್ಷಮಿಸಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಮೊದಲ ಪುಟದಿಂದ ಓದಿದರು. ರೈಲಣ್ಣ ಎಡಗೈಯನ್ನು ಅವರ ಮಂಡಿಯ ಮೇಲಿಟ್ಟುಕೊಂಡು ಕೇಳಿದ. ಬಲಗಣ್ಣಿನಿಂದ ನೀರು ಬರುತ್ತಿತ್ತು. ಆ ಕಣ್ಣಿನಿಂದ ಕಾಯಿಲೆಯಾದಾಗಿನಿಂದ ಯಾವಾಗಲೂ ನೀರು ಬರುತ್ತಿದ್ದುದರಿಂದ, ಅದಕ್ಕೇನು ಅರ್ಥ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ ಎಂದರು ಜಡ್ಜಪ್ಪನವರು. ಐದು ಗುರುವಾರ ಹಾಗೆ ಕಳೆಯಿತು. ಆರನೆಯದರ ಹಿಂದಿನ ದಿನ ರೈಲಣ್ಣ ಹೋಗಿಬಿಟ್ಟ.

ಮಣ್ಣಿಗೆ ಬಂದವರು ಮೂವತ್ತು ಜನ ಇರಬಹುದು. ನಿಲ್ದಾಣದ ಸಹೋದ್ಯೋಗಿಗಳು, ಡಬ್ಬಿಂಗ್ ಕೋಣೆಯ ಒಂದಿಬ್ಬರು, ಅಕ್ಕಪಕ್ಕದವರು, ನಾನು. ಜಡ್ಜಪ್ಪನವರು ಬಂದ ಕೂಡಲೇ ಪಕ್ಕದ ಬೀದಿಯಿಂದಲೂ ಜನ ಸೇರಿದರು. ಯಾರೋ ಅವರ ಜೊತೆ ಫೋಟೋ ತೆಗೆಸಿಕೊಳ್ಳಲು ಹೊರಟರು. ಹಿರಿಯರೊಬ್ಬರು ಅದನ್ನು ತಡೆದು, ನೀವೇ ಎರಡು ಮಾತು ಹೇಳಿ ಎಂದು ಅವರನ್ನು ಮುಂದಕ್ಕೆ ಕರೆದರು. ಕೈ ಕತ್ತಿನ ಹತ್ತಿರ ಹೋದದ್ದನ್ನು ನಾನು ನೋಡಿದೆ. ಅರ್ಧದಲ್ಲಿ ನಿಂತಿತು. ಕೆಳಗಿಳಿಯಿತು.

“ಸಿನಿಮಾದಲ್ಲಿ, ಟೀವಿಯಲ್ಲಿ, ನನ್ನ ಬಾಯಿಂದ ನೀವೆಲ್ಲ ಏನೇನು ಕೇಳಿದೀರೋ, ಅದೆಲ್ಲ ಇವರ ದನಿ. ನನ್ನ ದನಿ ಇದು. ಇದನ್ನ ಇಷ್ಟು ದಿನ ಮುಚ್ಚಿಟ್ಟಿದ್ದೆ. ಜನ ನನ್ನನ್ನ ಗುರುತು ಹಿಡೀತಾರೆ, ಇವರನ್ನ ಯಾರೂ ಹಿಡೀಲಿಲ್ಲ. ಅದನ್ನ ಇವರು ಬದುಕಿದ್ದಾಗ ಹೇಳಬೇಕಾಗಿತ್ತು. ಹೇಳ್ಲಿಲ್ಲ.”

ಹಿಂದಿನ ಸಾಲಿನಲ್ಲಿ ಇಬ್ಬರು ಮುಸಿ ನಕ್ಕರು. ಅವರು ಅದನ್ನು ನೋಡಿದರು. ನೋಡಿಯೂ, ರೈಲಣ್ಣ ಹೇಗೆ ಪೆಟ್ಟಿಗೆಯ ಮೇಲೆ ನಿಂತು ಮಾತಾಡುತ್ತಿದ್ದ, ಎಲ್ಲಿ ಉಸಿರೆಳೆಯುತ್ತಿದ್ದ ಎಂಬುದನ್ನೆಲ್ಲ ನಿಧಾನವಾಗಿ ಹೇಳಿ ಮುಗಿಸಿದರು. ರೈಲಣ್ಣನ ಹೆಂಡತಿ ತಲೆಯೆತ್ತಿ ಒಮ್ಮೆ ಅವರನ್ನು ನೋಡಿದರು. ತಿಂಗಳೊಳಗೆ ಆಕೆ ತಂಗಿಯ ಊರಿಗೆ ಹೋದರು. ಹಳಿ ಪಕ್ಕದ ಆ ಮನೆಗೆ ಬೇರೆಯವರು ಬಂದರು.

ಆ ದಿನ ಅಲ್ಲಿದ್ದ ಡಬ್ಬಿಂಗ್ ಕೋಣೆಯ ಒಬ್ಬ ಯುವತಿ ಮುಂದೆ ಸ್ವಂತವಾಗಿ ಒಂದು ಸಣ್ಣ ಚಿತ್ರ ಮಾಡಿದಳು. ಅದರಲ್ಲೊಬ್ಬ ಮುದುಕ ಇದ್ದಾನೆ, ಗೊತ್ತಿಲ್ಲದ ನಂಬರುಗಳಿಗೆ ಫೋನ್ ಮಾಡಿ ತಪ್ಪು ನಂಬರು ಎಂದು ಗೊತ್ತಾದ ಮೇಲೂ ಮಾತು ಬೆಳೆಸುವವನು. ಅದಕ್ಕೆ ಇವರೇ ಬೇಕು, ಇವರ ದನಿಯೇ ಬೇಕು ಎಂದಳು. ಬೇಡವೆಂದರು, ಮೂರು ಸಲ. ಕೊನೆಗೆ ಒಪ್ಪಿ ಎಂಟು ದಿನ ಮಾಡಿದರು. ಚಿತ್ರ ಕೆಲವೇ ಕಡೆ ತೆರೆ ಕಂಡಿತು. ನಾವಿಬ್ಬರೂ ಹೋದಾಗ ನಮ್ಮನ್ನೂ ಸೇರಿಸಿ ಹನ್ನೊಂದು ಜನರಿದ್ದರು. ಹೊರಗೆ ಬರುವಾಗ ಒಬ್ಬರು ಅವರ ಕೈ ಹಿಡಿದು, ಅಭಿನಯ ಬಹಳ ಚೆನ್ನಾಗಿತ್ತು, ಆದರೆ ಯಾರೋ ನಿಮಗೆ ತೀರಾ ಕೆಟ್ಟ ದನಿ ಹಾಕಿದ್ದಾರೆ ಸಾರ್ ಎಂದು ಮರುಗಿದರು. ಜಡ್ಜಪ್ಪನವರು ಹೌದೆಂದು ತಲೆಯಾಡಿಸಿದರು. ಮೂಲೆ ತಿರುಗಿದ ಮೇಲೆ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಗಳೂ ತನ್ನೂರಿನಲ್ಲಿ ಅದನ್ನು ನೋಡಿದಳು. ಭಾನುವಾರ ಫೋನ್ ಮಾಡಿದಾಗ ಚಿತ್ರದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಅಪ್ಪ, ನಾನು ಸಣ್ಣವಳಿದ್ದಾಗ ನೀನು ಮಷಿನ್ ತುಳೀತಾ ಗುನುಗ್ತಿದ್ದೆ, ಆಮೇಲೆ ಯಾಕೆ ಬಾಯೇ ಬಿಡ್ತಿರಲಿಲ್ಲ ಎಂದು ಕೇಳಿದಳು. ಇವರು ತಡವರಿಸುತ್ತ ಆ ಮೂವರು ಗೆಳತಿಯರ ವಿಷಯ ಎತ್ತಿದರು. ಯಾವ ಗೆಳತಿಯರು ಎಂದಳು. ಎಷ್ಟು ವಿವರಿಸಿದರೂ ಅವಳಿಗೆ ಆ ದಿನದ ನೆನಪೇ ಇರಲಿಲ್ಲ. ಅಪ್ಪನಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ, ಅದಕ್ಕೇ ಮನೆಗೆ ಯಾರನ್ನೂ ಕರೆಯುತ್ತಿರಲಿಲ್ಲ ಎಂದಳು.

ಅವಳು ಬಂದು ಕರೆದುಕೊಂಡು ಹೋದಳು. ಮೂರು ವಾರ ಇದ್ದು ವಾಪಸು ಬಂದರು. ಜಗಳವೇನೂ ಇಲ್ಲವಂತೆ, ಅಳಿಯನೂ ಒಳ್ಳೆಯವನೇ. “ಎಂಟು ಗಂಟೆಗೆ ಎಲ್ಲರೂ ಅಂಗಡಿಗೆ, ಸ್ಕೂಲಿಗೆ ಹೊರಟುಬಿಡ್ತಾರೆ. ಖಾಲಿ ಮನೆ ಕಾಯೋದೇ ಆದ್ರೆ ನಂದೇ ಕಾಯ್ಕೋತೀನಿ” ಎಂದರು. ಈಗ ಅವರಿಗೆ ಎಪ್ಪತ್ತಮೂರು. ಪಾತ್ರಗಳು ವರ್ಷಕ್ಕೊಂದೋ ಎರಡೋ. ಭಾನುವಾರದ ಫೋನು ಅರ್ಧ ಗಂಟೆಗೆ ಬೆಳೆದಿದೆ. ಅತ್ತ ಮಗಳು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಾಳಂತೆ.

ಹೋದ ತಿಂಗಳು ನಾನು ನೋಡಲು ಹೋಗಿದ್ದೆ. ಮೂರನೆಯ ಮಹಡಿ. ಎರಡು ಗಂಟೆ ಕೂತೆವು, ಮುಕ್ಕಾಲು ಪಾಲು ಮಾತು ಅವರದೇ. ಕೆಳಮನೆಯವರ ಹೊಸ ನಲ್ಲಿ, ಹಳೆಯ ನಿರ್ದೇಶಕರ ಮಂಡಿನೋವು, ಹೆಂಡತಿ ಕೊನೆಯ ದಿನ ಕೇಳಿದ್ದ ಹಸಿರು ಶಾಲು. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ಮೆಟ್ಟಿಲ ತನಕ ಬಂದು ಕಟಾಂಜನ ಹಿಡಿದು ನಿಂತು ಇನ್ನೇನೋ ಹೇಳುತ್ತಿದ್ದರು. ನಾನು ಇಳಿಯುತ್ತಲೇ ಹೂಂ, ಹೂಂ ಎನ್ನುತ್ತಿದ್ದೆ. ಎರಡು ಮಹಡಿ ಇಳಿದ ಮೇಲೂ ಆ ತೆಳ್ಳನೆಯ ದನಿ ಮೇಲಿಂದ ಬರುತ್ತಲೇ ಇತ್ತು. ಮಾತು ಸ್ಪಷ್ಟವಾಗುತ್ತಿರಲಿಲ್ಲ.